ಆಪಾ ಕೊಟ್ಟ ಎರಡು ಡಬ್ಬಿ

ಹೋದ ತಿಂಗಳು ಆಪಾ ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಾನೂ ಎರಡು ಮಾತಾಡಬೇಕು ಎಂದು ಗೊತ್ತಾದ ಕೂಡಲೇ ನಮ್ಮ ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, "ದಯವಿಟ್ಟು ಆ ವಿಷಯ ಮಾತ್ರ ಬೇಡ" ಎಂದು ಕೇಳಿಕೊಂಡ. ಯಾವ ವಿಷಯ ಎಂದು ನಾನು ಕೇಳಲಿಲ್ಲ, ಅವನೂ ಬಾಯಿ ಬಿಡಲಿಲ್ಲ. ಕೇಕು ಕತ್ತರಿಸುವ ಹೊತ್ತಿಗೆ ಮಲದ ಮಾತು ಬಂದುಬಿಟ್ಟೀತು ಎನ್ನುವುದು ಪಾಪ ಅವನ ಆತಂಕ. ಹಾಗಾಗಿ ನಾನು ಆಪಾ ಎಷ್ಟು ಶ್ರದ್ಧಾವಂತರು, ಎಷ್ಟು ಸಹನಾಮಯಿ, ಎಂಥ ಮಾರ್ಗದರ್ಶಕಿ ಎಂದೆಲ್ಲ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು ಕೂತೆ. ಆಪಾ ಮಾತ್ರ ಕೈ ಕಟ್ಟಿಕೊಂಡೇ ನಿಂತಿದ್ದರು. ಆಮೇಲೆ ಹತ್ತಿರ ಬಂದು, "ಅಷ್ಟು ಬೋರಿಂಗ್ ಹೆಂಗಸಾ ಕಣೇ ನಾನು?" ಅಂದರು.

ಅಲ್ಲವೇ ಅಲ್ಲ. ಅಲ್ಲಿ ಹೇಳದೆ ನುಂಗಿಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಆಪಾ ಅಂದರೆ ಉರ್ದುವಿನಲ್ಲಿ ಅಕ್ಕ. ಅವರು ಮೈಸೂರಿನವರು. ಮನೆಯಲ್ಲಿ ದಖನಿ, ನನ್ನ ಜೊತೆ ಮೈಸೂರು ಕನ್ನಡ, ಮಿಕ್ಕವರ ಜೊತೆ ಇಂಗ್ಲಿಷು. ಮೊದಲು ನಾನೊಬ್ಬಳೇ ಆಪಾ ಎನ್ನುತ್ತಿದ್ದೆ. ಅದನ್ನು ಕೇಳಿ ಪಕ್ಕದ ಸಾಲಿನ ತೆಲುಗು ಹುಡುಗರು ಶುರು ಮಾಡಿದರು, ಆಮೇಲೆ ಚೀನಾದ ಹುಡುಗಿ, ಕೊನೆಗೆ ಮ್ಯಾನೇಜರ್ ಕೂಡ ಅದೇ ಅವರ ಹೆಸರೆಂದು ತಿಳಿದು ಈಮೇಲಿನಲ್ಲಿ "ಡಿಯರ್ ಆಪಾ" ಎಂದು ಬರೆಯತೊಡಗಿದ. ನಿಜವಾದ ಹೆಸರು ಆಫೀಸಿನಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಇಲ್ಲಿ ನಾನೂ ಅದನ್ನು ಹೇಳಲು ಹೋಗುವುದಿಲ್ಲ.

ಅವರದು ಟೆಸ್ಟಿಂಗ್ ಕೆಲಸ. ನಾನು ಪ್ರೋಗ್ರಾಂ ಬರೆಯುವವಳು, ನಾನು ಬರೆದದ್ದರಲ್ಲಿ ಹುಳುಕು ಹುಡುಕುವವರು ಅವರು. ಪರದೇಶದ ಈ ಊರಿನ ಫ್ರೀಮಾಂಟ್ ಬಡಾವಣೆಯ ನಮ್ಮ ಆಫೀಸಿನಿಂದ ಅವರು ಹೂಂ ಅನ್ನದೆ ಏನೂ ಹೊರಗೆ ಹೋಗುವಂತಿರಲಿಲ್ಲ, ಅವರು ಸುಲಭಕ್ಕೆ ಹೂಂ ಅನ್ನುತ್ತಲೂ ಇರಲಿಲ್ಲ. "ಆಪಾ, ನಿನ್ನೆ ತಾನೇ ಟೆಸ್ಟ್ ಮಾಡಿದೀನಿ, ಎಲ್ಲಾ ಸರಿ ಇದೆ" ಅಂದರೆ, "ನಿನ್ನೆ ಸ್ನಾನಾನೂ ಮಾಡಿದ್ದೆ, ಇವತ್ತು ಬಿಟ್ಬಿಟ್ಯಾ?" ಎಂದು ಕೇಳುವರು. ಬೈಗುಳವೆಲ್ಲ ಕನ್ನಡದಲ್ಲೇ. ಸುತ್ತಲಿನವರಿಗೆ ನಾವಿಬ್ಬರೂ ಊರಿನ ಸುಖದುಃಖ ಮಾತಾಡಿಕೊಳ್ಳುತ್ತಿದ್ದೇವೆ ಎಂದೇ ಅನಿಸುತ್ತಿತ್ತು. ಆ ಮುಖದಲ್ಲಿ ಅಷ್ಟು ನಗು ಇಟ್ಟುಕೊಂಡು ಬೈಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ನಾವಿಬ್ಬರೂ ಸರೋವರದಾಚೆಯ ಕ್ರಾಸ್‌ರೋಡ್ಸ್‌ನ ಒಂದೇ ಅಪಾರ್ಟ್‌ಮೆಂಟಿನವರು. ಹಾಗಾಗಿ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗುವುದೆಂದು ಮಾತಾಯಿತು. ಮೊದಲ ದಿನವೇ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ ಅವರು ಷರತ್ತು ಹಾಕಿದರು.

"ನೋಡಮ್ಮಾ, ನಾನು ನಿಲ್ಸು ಅಂದ್ರೆ ನಿಲ್ಸ್ಬೇಕು. ಯಾಕೆ, ಏನು, ಇನ್ನೊಂದು ಸ್ವಲ್ಪ ಮುಂದೆ ಹೋಗಿ ನಿಲ್ಸ್ಲಾ, ಏನೂ ಕೇಳೋ ಹಾಗಿಲ್ಲ."

"ಯಾಕೆ ಆಪಾ?" ಎಂದು ಕೇಳಿಯೇಬಿಟ್ಟೆ.

"ದೊಡ್ಡ ಕರುಳು ತುಂಬ ಹುಣ್ಣು. ಅದು ಊದ್ಕೊಂಡಾಗ ಕಾಲ ಕೂಡಿ ಬರೋವರೆಗೆ ಕಾಯಲ್ಲ. ಈಗ ಹೊರಡು."

ಇಷ್ಟು ನೇರವಾಗಿ ಯಾರಾದರೂ ಕರುಳಿನ ವಿಷಯ ಮಾತಾಡುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಹೊಟ್ಟೆ ಕೆಟ್ಟರೂ "ಸ್ವಲ್ಪ ಹುಷಾರಿಲ್ಲ" ಅಂತಲೇ ಹೇಳುವ ಪದ್ಧತಿ. ಆಪಾ ಮಾತ್ರ ಜ್ವರ, ನೆಗಡಿಯ ವಿಷಯ ಹೇಳುವಷ್ಟೇ ಸಲೀಸಾಗಿ ಹೇಳುವರು. ಬೆಳಗಿನ ಮೀಟಿಂಗಿನಲ್ಲಿ ಮಧ್ಯೆ ಎದ್ದು ಹೋಗಬೇಕಾದರೆ, "ಎಕ್ಸ್‌ಕ್ಯೂಸ್ ಮಿ, ಮೈ ಕೋಲನ್ ಹ್ಯಾಸ್ ಅನದರ್ ಮೀಟಿಂಗ್" ಎಂದು ಹೇಳಿಯೇ ಹೋಗುವರು. ಮ್ಯಾನೇಜರ್ ಕಿಟಕಿಯಾಚೆ ನೋಡುತ್ತಿದ್ದ.

ಕ್ರಾಸ್‌ರೋಡ್ಸ್‌ನಿಂದ ಫ್ರೀಮಾಂಟ್‌ವರೆಗೆ ಎಲ್ಲೆಲ್ಲಿ ಶೌಚಾಲಯವಿದೆ, ಯಾವುದಕ್ಕೆ ಬೀಗ, ಯಾವುದರ ಬೀಗದ ಕೈ ಕಾಫಿ ಕೊಂಡರೆ ಮಾತ್ರ ಸಿಗುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಸರೋವರದ ಮೇಲಿನ ಉದ್ದನೆ ಸೇತುವೆ ಬಂದಾಗ ಮಾತ್ರ ಮಾತು ನಿಲ್ಲಿಸಿ ತಸ್ಬಿಯ ಮಣಿ ಎಣಿಸುತ್ತ ಕೂರುವರು, ಯಾಕೆಂದರೆ ಅಲ್ಲಿ ನಿಲ್ಲಿಸುವ ಹಾಗಿಲ್ಲ. ದಡ ಮುಟ್ಟಿದ ಕೂಡಲೇ "ಅಲ್ಹಮ್‌ದುಲಿಲ್ಲಾ" ಎಂದು ನಿಟ್ಟುಸಿರು ಬಿಟ್ಟು ನನ್ನ ಡ್ರೈವಿಂಗಿನ ತಪ್ಪು ಹುಡುಕಲು ಶುರು ಮಾಡುವರು. ಬೇಸಿಗೆಯ ಪಿಕ್ನಿಕ್ಕುಗಳನ್ನೆಲ್ಲ ಅವರು ಸರೋವರದ ತುದಿಯ ಕೆನ್ಮೋರ್‌ನಲ್ಲೇ ಮಾಡಿಸುತ್ತಿದ್ದರು. ನೀರಿನಂಚಿನ ಆ ನೋಟಕ್ಕೆ ಮನಸೋತಿದ್ದಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವರು ಮನಸೋತದ್ದು ಅಲ್ಲಿನ ಪಾರ್ಕಿನ ಟಾಯ್ಲೆಟ್ಟಿಗೆ. "ಇಡೀ ಸರೋವರ ಸುತ್ತಿದ್ರೂ ಅಂಥಾದ್ದು ಸಿಗಲ್ಲ ಕಣೇ, ಮಾರ್ಬಲ್ ಒಂದು ಇಲ್ಲ ಅಷ್ಟೇ" ಅನ್ನುವರು.

ಕೆಲವು ತಿಂಗಳಿಗೊಮ್ಮೆ ಅವರು ಲ್ಯಾಬಿಗೆ ಮಲ ಕೊಡಬೇಕಾಗಿತ್ತು. ಕರುಳಿನಲ್ಲಿ ಉರಿಯೂತ ಇದ್ದರೆ ರಕ್ತದ ಬಿಳಿ ಕಣಗಳು ಅಲ್ಲಿಗೆ ಧಾವಿಸುತ್ತವಂತೆ, ಅವು ಬಿಟ್ಟ ಒಂದು ಪ್ರೋಟೀನು ಮಲದಲ್ಲಿ ಸಿಗುತ್ತದಂತೆ. ಅದನ್ನು ಅಳೆದರೆ ಒಳಗೆ ಎಷ್ಟು ಉರಿಯುತ್ತಿದೆ ಎಂದು ಕೊಳವೆ ಇಳಿಸಿ ನೋಡದೆಯೇ ಅಂದಾಜು ಸಿಗುತ್ತದೆ. ಆ ಪ್ರೋಟೀನಿಗೆ ಉದ್ದನೆ ಹೆಸರಿದೆ. ಆಪಾ ಅದನ್ನು ಬರೀ "ನಂಬರ್" ಅನ್ನುತ್ತಿದ್ದರು. ಎರಡಂಕಿಯಲ್ಲಿದ್ದರೆ ಸಮಾಧಾನ, ಮೂರಂಕಿ ಏರುತ್ತ ಹೋದರೆ ಯೋಚನೆ, ನಾಲ್ಕಂಕಿ ಮುಟ್ಟಿದರೆ ಮನೆಗೆ ಬೆಂಕಿ ಬಿದ್ದಿದೆ ಎಂದು ಅರ್ಥ.

ಲ್ಯಾಬು ಇದ್ದದ್ದು ಆಫೀಸಿನ ಹತ್ತಿರ. ಹಾಗಾಗಿ ನಂಬರ್ ದಿನ ಆ ಪೊಟ್ಟಣವೂ ನನ್ನ ಕಾರಿನಲ್ಲೇ ಪ್ರಯಾಣ ಮಾಡುತ್ತಿತ್ತು. ಮೊದಲ ಸಲ ನಾನು ಕಿಟಕಿ ಇಳಿಸಿದೆ. "ಮೂರು ಕವರ್ ಹಾಕಿ ಗಂಟು ಕಟ್ಟಿದೀನಿ. ನಿಮ್ಮಮ್ಮ ಊರಿಂದ ಉಪ್ಪಿನಕಾಯಿ ಕಳಿಸ್ವಾಗ ಇಷ್ಟು ಪ್ಯಾಕಿಂಗ್ ಮಾಡ್ತಾರಾ?" ಎಂದು ಕೇಳಿದರು. ಮಾಡುವುದಿಲ್ಲ ಎಂದು ಒಪ್ಪಿಕೊಂಡು ಕಿಟಕಿ ಏರಿಸಿದೆ.

ಆ ದಿನವೇ ಲ್ಯಾಬಿನ ಕೌಂಟರಿನಲ್ಲಿ ಅವರು ಕವರ್ ಬಿಚ್ಚಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಒಳಗಿದ್ದದ್ದು ಕೇಸರಿ ಮುಚ್ಚಳದ, ತಿರುಪು ಹಾಕುವ, ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಆ ಡಬ್ಬಿಯನ್ನು ನಾನು ಚೆನ್ನಾಗಿ ಬಲ್ಲೆ. ಅಂಥದ್ದೇ ಡಬ್ಬಿಯಲ್ಲಿ ಆಪಾ ನನ್ನ ಮೇಜಿನ ಮೇಲೆ ಚಟ್ನಿಪುಡಿ ತಂದಿಡುತ್ತಿದ್ದರು. ಅಂಥದ್ದರಲ್ಲೇ ನಿಂಬೆ ಉಪ್ಪಿನಕಾಯಿ, ಅಂಥದ್ದರಲ್ಲೇ ಹುರಿದ ಶೇಂಗಾ. ಅದರ ಮುಚ್ಚಳ ಎಷ್ಟು ಬಿಗಿ ಎಂದು ನಾನೇ ಹೊಗಳಿದ್ದೆ.

"ಆಪಾ, ಚಟ್ನಿಪುಡಿ..." ಎಂದು ತೊದಲಿದೆ.

"ಹೊಸಾದು ಕಣೇ! ಪ್ರತಿ ಸಲ ಎರಡು ಮೂರು ಕೊಡ್ತಾರೆ, ಬೇಕಾಗೋದು ಒಂದು. ಮಿಕ್ಕಿದ್ದನ್ನ ಬಿಸಾಕ್ಲಾ? ಸೀಲ್ ಕೂಡ ಒಡ್ದಿರಲ್ಲ. ಸ್ಟೆರೈಲ್! ನಿಮ್ಮನೇಲಿ ಐಸ್‌ಕ್ರೀಮ್ ಡಬ್ಬೀಲಿ ಕೊತ್ತಂಬರಿ ಇಟ್ಕೊಂಡಿಲ್ವಾ?"

ಇಟ್ಟುಕೊಂಡಿದ್ದೆ. ಮೊಸರಿನ ಡಬ್ಬಿಯಲ್ಲಿ ಹಿಟ್ಟು, ಕಾಫಿಯ ಬಾಟಲಿಯಲ್ಲಿ ಸಾಸಿವೆ. ಗಟ್ಟಿ ಮುಚ್ಚಳದ ಡಬ್ಬಿಯನ್ನು ಕಸಕ್ಕೆ ಎಸೆಯುವ ಎದೆಗಾರಿಕೆ ನಮ್ಮ ಕಡೆಯ ಹೆಂಗಸರಿಗೆ ಎಲ್ಲಿಂದ ಬರಬೇಕು? ಒಂದು ವಾರ ಮುನಿಸಿಕೊಂಡಿದ್ದು ಆಮೇಲೆ ಚಟ್ನಿಪುಡಿ ತಿನ್ನಲು ಶುರು ಮಾಡಿದೆ. ಅಷ್ಟು ಚೆನ್ನಾಗಿತ್ತು.

ಒಂದು ವಸಂತದಲ್ಲಿ ನಂಬರ್ ಏರಿತು. ಮಾತ್ರೆ ಬದಲಾಯಿತು, ಇಂಜೆಕ್ಷನ್ ಬದಲಾಯಿತು, ಸ್ಟೆರಾಯ್ಡ್ ತಿಂದು ಮುಖ ದುಂಡಗಾಯಿತು. ನಂಬರ್ ಇಳಿಯಲಿಲ್ಲ. ಕೊನೆಗೆ ಡಾಕ್ಟರು ಹೇಳಿದರು: ರಂಜಾನ್ ಕಳೆದ ಮೇಲೆ ಇನ್ನೊಂದು ಸಲ ನೋಡೋಣ, ಆಗಲೂ ಇಳಿಯದಿದ್ದರೆ ದೊಡ್ಡ ಕರುಳನ್ನೇ ತೆಗೆಯಬೇಕಾಗುತ್ತದೆ. ತೆಗೆದರೆ ಹೊಟ್ಟೆಯ ಮೇಲೊಂದು ಸಣ್ಣ ದ್ವಾರ, ಅದಕ್ಕೊಂದು ಚೀಲ, ಮುಂದೆ ಎಲ್ಲವೂ ಆ ಚೀಲಕ್ಕೆ.

ಅವತ್ತು ಮನೆಗೆ ಹೋಗುವಾಗ ಆಪಾ ನನ್ನ ಡ್ರೈವಿಂಗಿನಲ್ಲಿ ಒಂದು ತಪ್ಪನ್ನೂ ಹುಡುಕಲಿಲ್ಲ. ಸೇತುವೆ ದಾಟಿದ ಮೇಲೆ ನಾನೇ ಕೇಳಿದೆ, "ಆಪರೇಷನ್ ಅಂದ್ರೆ ಭಯಾನಾ ಆಪಾ?"

"ಆಪರೇಷನ್‌ಗೆ ಯಾರ್ ಹೆದರ್ತಾರೆ? ನಿದ್ದೆ ಬರ್ಸ್ತಾರೆ, ಎಷ್ಟೋ ದಿನ ಆಯ್ತು ನಾನು ನಿದ್ದೆ ಮಾಡಿ." ಕಿಟಕಿ ಕಡೆ ತಿರುಗಿ ಹೇಳಿದರು, "ನಮಾಜಿನ ವಿಷ್ಯ ಮಸೀದಿಯ ಆಲಿಮರನ್ನ ಕೇಳ್ದೆ. ಚೀಲ ಇದ್ರೂ ನಮಾಜ್ ಆಗುತ್ತೆ, ಅದಕ್ಕೆ ದಾರಿ ಇದೆ ಅಂದ್ರು. ಅಲ್ಲಾಹ್ ಒಪ್ಕೋತಾನೆ ಕಣೇ. ಜನ ಒಪ್ಕೋತಾರಾ? ಹೊಟ್ಟೆ ಮೇಲೆ ಅದನ್ನ ಕಟ್ಕೊಂಡು ಒಲೆ ಮುಂದೆ ನಿಂತೋಳ ಕೈ ಅಡಿಗೆ ಯಾರು ತಿಂತಾರೆ, ಹೇಳು. ನಾನು ತಿನ್ನೋದಂತೂ ಎಂದೋ ಹೋಯ್ತು. ಬಡಿಸೋದು ಒಂದೇ ಉಳ್ದಿರೋದು ನಂಗೆ."

ನಾನು ತಿನ್ನುತ್ತೇನೆ ಎಂದೆ. "ನೀನು ಬಿಡು, ಡಬ್ಬಿ ಗೊತ್ತಾದ್ಮೇಲೂ ಚಟ್ನಿಪುಡಿ ತಿಂದೋಳು" ಅಂದರು. ನಗಲಿಲ್ಲ.

ಹಬ್ಬ ಬಂತು. ಈದ್ ಹಬ್ಬದ ಮಾರನೇ ದಿನವೇ ನಂಬರ್ ದಿನ. ಹಬ್ಬದಲ್ಲಿ ಕಣ್ಣಿಗೆ ಬಿದ್ದವರಿಗೆಲ್ಲ ಸಿಹಿ ಕೊಡದೆ ಆಪಾಗೆ ಸಮಾಧಾನವಿಲ್ಲ. ಅಪಾರ್ಟ್‌ಮೆಂಟಿನ ಆಫೀಸಿನವರು, ಟಪಾಲು ಹಾಕುವಾಕೆ, ಅವರ ಕಾರನ್ನು ಎಳೆದುಕೊಂಡು ಹೋಗಲು ಬಂದಿದ್ದ ಟೋಯಿಂಗ್ ಲಾರಿಯವನು ಕೂಡ ಹಲ್ವಾ ಹಿಡಿದುಕೊಂಡೇ ಹೋಗಿದ್ದ. ಲ್ಯಾಬಿನವರನ್ನು ಬಿಡಲಾದೀತೇ? ಅದರಲ್ಲೂ ತನ್ನಿಂದ ಇಷ್ಟು ವರ್ಷ ಬರೀ ಅದನ್ನೇ ಇಸಿದುಕೊಂಡವರು ಎಂಬ ದಾಕ್ಷಿಣ್ಯ ಬೇರೆ.

ಕೌಂಟರಿನಲ್ಲಿ ಯಾವಾಗಲೂ ಇರುವಾಕೆ ಅವತ್ತು ರಜೆ. ಹೊಸ ಹುಡುಗಿಯೊಬ್ಬಳು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕೀಲಿಮಣೆ ಕುಟ್ಟುತ್ತಿದ್ದಳು. ಆಪಾ ಮೊದಲ ಡಬ್ಬಿ ಇಟ್ಟರು. ಅದರ ಪಕ್ಕದಲ್ಲಿ ಇನ್ನೊಂದು ಡಬ್ಬಿ ಇಟ್ಟರು. ಅದೇ ಕೇಸರಿ ಮುಚ್ಚಳ, ಅದೇ ಅಳತೆ, ಒಳಗೆ ಖರ್ಜೂರದ ಹಲ್ವಾ. ತುಪ್ಪದಲ್ಲಿ ಬೆಂದು ಬೆಂದು ಗಾಢ ಕಂದು ಬಣ್ಣಕ್ಕೆ ತಿರುಗಿತ್ತು.

"ಅಂಡ್ ದಿಸ್ ಈಸ್ ಫಾರ್ ಯೂ" ಅಂದರು ಆಪಾ, ಹಬ್ಬದ ನಗು ನಗುತ್ತ. "ಹೋಮ್ ಮೇಡ್."

ಎರಡೂ ಮನೆಯಲ್ಲೇ ಮಾಡಿದ್ದು ಎನ್ನುವುದು ಆ ಹೊತ್ತಿನಲ್ಲಿ ನಮ್ಮಿಬ್ಬರ ತಲೆಗೂ ಹೋಗಲಿಲ್ಲ. ಹುಡುಗಿ ತಲೆಯೆತ್ತದೆ ಥ್ಯಾಂಕ್ಯೂ ಹೇಳಿ, ಎರಡನ್ನೂ ಒಳಗೆ ತೆಗೆದುಕೊಂಡಳು. ನಾವು ಆಫೀಸಿಗೆ ಹೋದೆವು.

ಫಲಿತಾಂಶ ಬಂದ ದಿನ ಆಪಾ ಪಾರ್ಕಿಂಗಿನಲ್ಲಿ ನನ್ನನ್ನು ಅಪ್ಪಿಕೊಂಡ ರಭಸಕ್ಕೆ ಕಾರಿನ ಕೀ ಕೆಳಗೆ ಬಿತ್ತು. ನಂಬರ್ ಇಳಿದಿದೆ. ಸುಮ್ಮನೆ ಇಳಿದಿರುವುದಲ್ಲ, ಅಳತೆಗೇ ಸಿಗದಷ್ಟು ಇಳಿದಿದೆ. ಡಾಕ್ಟರು ಎರಡು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಸಂದೇಶ ಕಳಿಸಿದ್ದರು. ಇಷ್ಟು ಒಳ್ಳೆಯ ಫಲಿತಾಂಶ ತನ್ನ ಅನುಭವದಲ್ಲೇ ಕಡಿಮೆ, ಆಪರೇಷನ್ ಮಾತು ಸದ್ಯಕ್ಕೆ ಬೇಡ, ಏನು ಮಾಡುತ್ತಿದ್ದೀರೋ ಅದನ್ನೇ ಮುಂದುವರಿಸಿ ಎಂದಿದ್ದರು. ಮಾತೇ ಆಡದ ಆಪಾರ ಗಂಡ ಅವತ್ತು ನನ್ನ ಮನೆ ಬಾಗಿಲು ತಟ್ಟಿ, "ನಂಬರ್ ನೋಡಿದ್ರಾ?" ಎಂದು ಕೇಳಿ, ನಾನು ಉತ್ತರಿಸುವ ಮೊದಲೇ ಕಣ್ಣೊರೆಸಿಕೊಂಡು ಹೋದರು.

ಮೂರ್ನಾಲ್ಕು ದಿನ ಕಳೆದ ಮೇಲೆ ಬೆಳಗ್ಗೆ ಕಾರಿನಲ್ಲಿ ಆಪಾ ಫೋನಿನಲ್ಲಿ ಅದೇ ಫಲಿತಾಂಶವನ್ನು ಮತ್ತೆ ತೆಗೆದು ನೋಡುತ್ತಿದ್ದರು. ಸಂತೋಷದ ಫೋಟೋ ನೋಡುವ ಹಾಗೆ ಆಗಾಗ ನೋಡುವುದು ಅಭ್ಯಾಸವಾಗಿತ್ತು. ಸ್ವಲ್ಪ ಕೆಳಗೆ ಸರಿಸಿದರು.

"ಇದೇನೇ ಇದು? ಎರಡು ಸ್ಯಾಂಪಲ್ ಬಂದಿದೆ, ಒಂದನ್ನ ಪರೀಕ್ಷೆ ಮಾಡಿ ಇನ್ನೊಂದನ್ನ ಡುಪ್ಲಿಕೇಟ್ ಅಂತ ಬಿಸಾಕಿದೀವಿ ಅಂತ ಬರ್ದಿದಾರೆ. ಎರಡು ಯಾಕೆ? ನಾನು ಕೊಟ್ಟಿದ್ದು ಒಂದೇ..."

ನಾನು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ. ಇಬ್ಬರ ಕಣ್ಣ ಮುಂದೆಯೂ ಆ ಎರಡು ಕೇಸರಿ ಮುಚ್ಚಳಗಳು ಬಂದಿದ್ದವು.

"ಆಪಾ," ಅಂದೆ ಕೊನೆಗೆ, "ಹಲ್ವಾನ ಟೆಸ್ಟ್ ಮಾಡಿದ್ರೆ..."

"ಮಾಡಿರಲ್ಲ."

"ಮಾಡಿದ್ರೆ?"

"ನೋಡಿದ್ರೆ ಗೊತ್ತಾಗಲ್ವಾ ಅವರಿಗೆ? ಗೋಡಂಬಿ ಹಾಕಿದ್ದೆ!"

ಗೋಡಂಬಿ ನೋಡಿ ಗುರುತು ಹಿಡಿಯುವುದು ಲ್ಯಾಬಿನವರ ಕೆಲಸವಲ್ಲ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಆ ನಂಬರು ಆಪಾರದಾಗಿರಬಹುದು, ಖರ್ಜೂರದ ಹಲ್ವಾದ್ದಾಗಿರಬಹುದು. ಯಾರದು ಎಂದು ಹೇಳಬಲ್ಲ ಎರಡನೇ ಡಬ್ಬಿ ಕಸಕ್ಕೆ ಹೋಗಿ ಆಗಿತ್ತು. ಹಲ್ವಾಗೆ ಉರಿಯೂತ ಇರುವ ಸಂಭವವಿಲ್ಲ. ಆಪಾಗೆ ಇತ್ತೇ ಎನ್ನುವುದೇ ಪ್ರಶ್ನೆ.

"ಇನ್ನೊಂದ್ಸಲ ಕೊಟ್ಬಿಡಿ" ಎಂದೆ.

"ಪಾಸ್ ಅಂತ ಬಂದಿದೆ. ಪಾಸ್ ಅಂದ್ರೆ ಪಾಸ್. ಈ ಮಾತು ಇಲ್ಲಿಗೆ ಸಾಕು."

ಇದನ್ನು ಹೇಳುತ್ತಿರುವವರು ಆಪಾ ಎಂದು ನಂಬಲಿಕ್ಕೇ ಆಗಲಿಲ್ಲ. ನಾನು ಒಂದು ಬಟನ್ನಿನ ಬಣ್ಣ ಬದಲಿಸಿದರೂ ಇಡೀ ಪ್ರೋಗ್ರಾಮನ್ನು ಮೊದಲಿಂದ ಪರೀಕ್ಷೆ ಮಾಡಿಸಿದ ಹೆಂಗಸು! ಆದರೆ ಅವರ ಮುಖ ನೋಡಿ ರಸ್ತೆಯ ಕಡೆ ತಿರುಗಿದೆ. ಆ ಮುಖದಲ್ಲಿದ್ದದ್ದು ಹಟವಲ್ಲ, ಮೊರೆ.

ಅದಾದ ಮೇಲೆ ಆಪಾ ಆರೋಗ್ಯವಂತೆಯ ಪಾತ್ರ ವಹಿಸಲು ಶುರು ಮಾಡಿದರು. ಮಧ್ಯಾಹ್ನ ನನ್ನೆದುರೇ ಮೆಣಸಿನಕಾಯಿ ಬಜ್ಜಿ ತಿಂದರು. ಸಂಜೆ ದಾರಿಯಲ್ಲಿ ಮತ್ತೆ ಮತ್ತೆ "ನಿಲ್ಸು" ಅಂದರು. ಪ್ರತಿ ಸಲವೂ ವಾಪಸು ಬಂದು, "ಅದು ಬಜ್ಜಿದು, ಕರುಳಿಂದಲ್ಲ" ಎಂದು ನಾನು ಕೇಳದಿದ್ದರೂ ವಿವರಣೆ ಕೊಟ್ಟರು. ಮುಖ ಬಿಳಿಚಿಕೊಂಡಿತ್ತು. ಮೀಟಿಂಗಿನಿಂದ ಎದ್ದು ಹೋಗುವಾಗ ಮೊದಲಿನ ಹಾಗೆ ಕಾರಣ ಹೇಳುವುದನ್ನು ನಿಲ್ಲಿಸಿದ್ದರು. ಮ್ಯಾನೇಜರ್‌ಗೆ ಮಾತ್ರ ಬಹಳ ನೆಮ್ಮದಿಯಾಗಿತ್ತು.

ಒಂದು ದಿನ ನಾನು ಬರೆದ ಹೊಸದೊಂದು ಭಾಗ ಬಿಡುಗಡೆಯಾಗಬೇಕಿತ್ತು. ಟೆಸ್ಟುಗಳೆಲ್ಲ ಪಾಸಾಗಿ ಪರದೆಯ ತುಂಬ ಹಸಿರು. ಆಪಾ ಬಂದು ನೋಡಿದರು, ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ನೋಡಿದರು. ನಾನು ಟೆಸ್ಟ್ ಮಾಡಿದ್ದು ಹೋದ ವಾರದ ಹಳೆಯ ಪ್ರೋಗ್ರಾಮನ್ನು ಎಂದು ಅವರಿಗೆ ಗೊತ್ತಾಗಿಹೋಯಿತು. ನನಗೆ ಗೊತ್ತಾಗಿರಲಿಲ್ಲ.

"ಕಣ್ಣು ಎಲ್ಲಿಟ್ಟಿದ್ದೆ? ಏನನ್ನ ಟೆಸ್ಟ್ ಮಾಡ್ದೆ ಅಂತ ನಿಂಗೇ ಗೊತ್ತಿಲ್ಲ, ಹಸಿರು ಬಂತು ಅಂತ ಕುಣೀತಾ ಇದ್ದೀಯ! ಯಾವುದರ ರಿಸಲ್ಟೋ ತಂದು ಯಾವುದಕ್ಕೋ ಅಂಟಿಸಿದ್ರೆ ಅದು ಪಾಸಾ? ನಾಳೆ ಕಸ್ಟಮರ್ ಹತ್ರ ಹೋಗಿ ಒಡ್ದೋದ್ರೆ..."

ಹೇಳುತ್ತ ಹೇಳುತ್ತ ಅವರ ದನಿ ತಗ್ಗಿತು. ಪರದೆ ನೋಡುತ್ತಲೇ ಇದ್ದರು. ಪಕ್ಕದ ತೆಲುಗು ಹುಡುಗ ಕುರ್ಚಿ ತಿರುಗಿಸಿ ಏನಾಯಿತೆಂದು ನೋಡಿದ. ಆಪಾ ನಿಧಾನಕ್ಕೆ ನನ್ನ ಲ್ಯಾಪ್‌ಟಾಪ್ ಮುಚ್ಚಿದರು.

"ನಾಳೆ ಬೆಳಗ್ಗೆ ಲ್ಯಾಬಿಗೆ ಡ್ರೈವ್ ಮಾಡ್ತೀಯಾ?" ಅಂದರು.

ಮಾರನೇ ದಿನ ಒಂದೇ ಡಬ್ಬಿ ಇತ್ತು. ಡಬ್ಬಿ ಕೊಡುವುದು ಸುಲಭ, ಮತ್ತೆ ಯಾಕೆ ಕೊಡುತ್ತಿದ್ದೀರಿ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಮೇಲ್ವಿಚಾರಕಿ ಬಂದರು. ಆಪಾ ನಿಂತುಕೊಂಡು ಇಂಗ್ಲಿಷಿನಲ್ಲಿ ಗಂಭೀರವಾಗಿ, ಹೋದ ಸಲ ನೀವು ನನ್ನ ಸಿಹಿತಿಂಡಿಯನ್ನು ಪರೀಕ್ಷೆ ಮಾಡಿರಬಹುದು ಎಂದರು. ಮೇಲ್ವಿಚಾರಕಿ, ಸಿಹಿತಿಂಡಿ ತಿಂದು ಬಂದಿದ್ದಿರಾ ಎಂದು ಕೇಳಿದರು. ಇಲ್ಲ, ತಿಂಡಿಯನ್ನೇ ಕೊಟ್ಟೆ ಎಂದರು ಆಪಾ. ಯಾಕೆ ಕೊಟ್ಟಿರಿ? ಹಬ್ಬ ಇತ್ತು. ಹಬ್ಬಕ್ಕೂ ಸ್ಯಾಂಪಲಿಗೂ ಏನು ಸಂಬಂಧ? ಸಂಬಂಧ ಇಲ್ಲ ಎಂದೇ ಬೇರೆ ಡಬ್ಬಿಯಲ್ಲಿ ಕೊಟ್ಟೆ. ಅದರಲ್ಲಿ ಏನಿತ್ತು ಎಂದು ಮೇಲ್ವಿಚಾರಕಿ ಕೇಳಿದ್ದೇ ತಪ್ಪಾಯಿತು. ಖರ್ಜೂರವನ್ನು ಎಷ್ಟು ಹೊತ್ತು ನೆನೆಸಬೇಕು, ತುಪ್ಪ ಅಂಚು ಬಿಡುವ ತನಕ ಯಾಕೆ ಕೈಬಿಡದೆ ಕೆದಕಬೇಕು ಎಂದು ಆಪಾ ಪೂರ್ತಿ ಒಪ್ಪಿಸಿದರು. ಹಿಂದೆ ಕಾಯುತ್ತಿದ್ದ ಮುದುಕರೊಬ್ಬರು, ಬಾದಾಮಿಯಲ್ಲೂ ಮಾಡಬಹುದೇ ಎಂದು ಕೇಳಿದರು.

ಡಬ್ಬಿ ತೆಗೆದುಕೊಂಡಿದ್ದ ಹುಡುಗಿಯನ್ನು ಕರೆಸಿದರು. ಅವಳ ಕಣ್ಣು ತುಂಬಿ ಬಂತು. ಆಪಾ ಕೌಂಟರಿನ ಮೇಲಿಂದ ಕೈ ಚಾಚಿ ಅವಳ ಕೈ ಹಿಡಿದುಕೊಂಡರು. ತಪ್ಪೆಲ್ಲ ತನ್ನದೇ, ಡಬ್ಬಿ ಬೇರೆ ಇರಬೇಕಿತ್ತು, ಮುಂದಿನ ಹಬ್ಬಕ್ಕೆ ಸ್ಟೀಲಿನದರಲ್ಲಿ ತರುತ್ತೇನೆ ಎಂದರು. ಹುಡುಗಿ ಅಳುತ್ತಲೇ ನಕ್ಕಳು. ಮೇಲ್ವಿಚಾರಕಿ ಮಾತ್ರ ಇನ್ನು ಮೇಲೆ ಏನನ್ನೂ ತರಬಾರದೆಂದು ಕೈಮುಗಿಯುವುದೊಂದು ಬಾಕಿ.

ಫ್ರೀಮಾಂಟ್‌ನಲ್ಲಿ ಕಾಲುವೆಯ ಮೇಲೊಂದು ಸೇತುವೆಯಿದೆ. ಎತ್ತರದ ಪಟದ ದೋಣಿ ಬಂತೆಂದರೆ ಅದು ಎರಡು ಹೋಳಾಗಿ ಮೇಲಕ್ಕೆದ್ದು ನಿಲ್ಲುತ್ತದೆ, ನಾವೆಲ್ಲ ಕಾರು ಆರಿಸಿ ಕಾಯಬೇಕು. ಹಾಗೆ ಕಾಯುತ್ತಿದ್ದ ಒಂದು ಸಂಜೆ ಆಪಾರ ಫೋನು ಸದ್ದು ಮಾಡಿತು. ಅವರು ನೋಡಲಿಲ್ಲ. ನನ್ನ ಕೈಗೆ ಕೊಟ್ಟರು.

"ನೀನೇ ಓದು. ಎಷ್ಟಂಕಿ ಹೇಳು ಸಾಕು."

ಓದಿದೆ. ನಾಲ್ಕು ಬೆರಳು ತೋರಿಸಿದೆ.

ಆಪಾ ಎದುರಿಗೆ ಎದ್ದು ನಿಂತಿದ್ದ ಸೇತುವೆ ನೋಡುತ್ತ ಕೂತರು. ದೋಣಿಯವನು ಯಾರಿಗೋ ಕೈ ಬೀಸುತ್ತ ಆರಾಮಾಗಿ ಸಾಗುತ್ತಿದ್ದ. "ಸರಿ," ಅಂದರು ಕೊನೆಗೆ. "ಇದು ನಂದೇ. ಅದು ಹಲ್ವಾದು." ಆಮೇಲೆ ನಗು ಬಂತು ಅವರಿಗೆ. "ಹಲ್ವಾ ಗಟ್ಟಿಮುಟ್ಟಾಗಿದೆ ಅಂತ ಡಾಕ್ಟ್ರೇ ಹೇಳಿದ್ರಲ್ಲೇ, ಅದನ್ನೇ ಮುಂದುವರ್ಸಿ ಅಂತ!" ನಾನೂ ನಕ್ಕೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು, ಆಮೇಲೆ ಅವರದು ಬರೀ ಅಳುವಾಯಿತು. ಸೇತುವೆ ಇಳಿದು ಹಿಂದಿನವರು ಹಾರನ್ ಹೊಡೆದರೂ ನಾನು ಹೊರಡಲಿಲ್ಲ. ನನಗೆ ಆ ಜನರ ಮೇಲೆ, ದೋಣಿಯವನ ಮೇಲೆ, ಆ ನಂಬರಿನ ಮೇಲೆ ವಿಪರೀತ ಸಿಟ್ಟು ಬಂದಿತ್ತು.

ಆಪರೇಷನ್ ಆಯಿತು. ಒಳಗೆ ಕರೆದುಕೊಂಡು ಹೋಗುವ ಮೊದಲು ಆಪಾ ಸರ್ಜನ್ನನ್ನು ತಡೆದು ನಿಲ್ಲಿಸಿ, ತೆಗೆದ ಕರುಳನ್ನು ಲ್ಯಾಬಿಗೆ ಕಳಿಸುತ್ತೀರಾ ಎಂದು ಕೇಳಿದರು. ಹೌದು ಎಂದರು ಅವರು. "ಹೆಸರಿನ ಚೀಟಿ ನೀವೇ ನಿಂತು ಅಂಟಿಸಿ. ನಮ್ಮನೆಯವರು ಸ್ಟಾಫಿಗೆ ಅಂತ ಏನಾದ್ರೂ ತಿಂಡಿ ಕೊಟ್ರೆ ಇಸ್ಕೋಬೇಡಿ" ಎಂದು ತಾಕೀತು ಮಾಡಿ ಒಳಗೆ ಹೋದರು. ಸರ್ಜನ್ನು ನನ್ನ ಮುಖ ನೋಡಿದರು. ನಾನು ಕೆಳಗೆ ನೋಡಿದೆ.

ಚೇತರಿಸಿಕೊಳ್ಳಲು ಎರಡು ತಿಂಗಳಾಯಿತು. ನಾನು ಹೋದಾಗಲೆಲ್ಲ ಚೀಲದ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡುವರು. ಎಲ್ಲವನ್ನೂ ಸಲೀಸಾಗಿ ಹೇಳುತ್ತಿದ್ದವರು ಅದೊಂದನ್ನು ದುಪಟ್ಟಾದ ಕೆಳಗೆ ಮುಚ್ಚಿಕೊಂಡು ಕೂರುತ್ತಿದ್ದರು. ನಾನು ಕೇಳಲಿಲ್ಲ. ಒಂದು ದಿನ ಅವರೇ, "ಭಾನುವಾರ ಆಫೀಸಿನೋರನ್ನೆಲ್ಲ ಊಟಕ್ಕೆ ಕರೀತೀನಿ. ಯಾರು ಬರ್ತಾರೆ, ಯಾರು ಬರಲ್ಲ ನೋಡೇಬಿಡೋಣ" ಅಂದರು. ಪರೀಕ್ಷೆ ಇಡುವವರ ದನಿ ಅದು. ಆದರೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಎಲ್ಲರೂ ಬಂದರು. ಮ್ಯಾನೇಜರ್ ಹೂವು ಹಿಡಿದುಕೊಂಡು ಬಂದ. ನೆಲಕ್ಕೆ ದಸ್ತರ್‌ಖಾನ್ ಹಾಸಿ, ಅದರ ಮೇಲೆ ಖುಷ್ಕಾ, ಮಟನ್ ದಾಲ್ಚಾ, ನನಗಾಗಿ ಬೇರೆ ಪಾತ್ರೆಯಲ್ಲಿ ಸೋರೆಕಾಯಿ ದಾಲ್ಚಾ. ಆಪಾ ತಾವೇ ಎಲ್ಲರಿಗೂ ಬಡಿಸಿ ಸೌಟು ಹಿಡಿದು ನಿಂತರು. ತಟ್ಟೆಗಳು ತುಂಬಿದವು. ಯಾರೂ ಕೈ ಹಾಕಲಿಲ್ಲ.

ಆಪಾರ ಮುಖ ಕಳೆಗುಂದಿದ್ದು ನನಗೆ ಕಾಣಿಸಿತು. ಸೌಟಿಲ್ಲದ ಕೈ ತಾನಾಗಿ ಹೋಗಿ ದುಪಟ್ಟಾ ಎಳೆದುಕೊಂಡಿತು.

"ಯಾಕೆ?" ಅಂದರು ಕನ್ನಡದಲ್ಲಿ, ನನಗೆ ಮಾತ್ರ. "ಯಾಕೆ ಯಾರೂ ತಿಂತಿಲ್ಲ?"

"ನೀವು ಕೂತಿಲ್ವಲ್ಲ ಆಪಾ. ಹುಷಾರಾಗಿ ಎದ್ದು ಬಂದಿದೀರ, ಇವತ್ತು ನಿಮಗೇ ಕಾಯ್ತಾ ಇದಾರೆ."

ಆಗ ನಮಗೆಲ್ಲ ಒಟ್ಟಿಗೇ ಹೊಳೆದದ್ದು, ಆ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದರೂ ಅವರು ನಮ್ಮ ಜೊತೆ ಕೂತದ್ದನ್ನು ಯಾರೂ ನೋಡಿರಲಿಲ್ಲ. ಅತಿಥಿ ಸತ್ಕಾರ ಅಂದುಕೊಂಡಿದ್ದೆವು, ಉಂಡರೆ ಮಧ್ಯೆ ಎದ್ದು ಓಡಬೇಕಾದೀತು ಎಂಬ ಭಯ ಅದು. ಆಪಾ ಒಂದು ಗಳಿಗೆ ನಿಂತಿದ್ದು ಸೌಟನ್ನು ಪಾತ್ರೆಯೊಳಗೆ ಬಿಟ್ಟು, ನನ್ನ ಮತ್ತು ತೆಲುಗು ಹುಡುಗನ ನಡುವೆ ಜಾಗ ಮಾಡಿಕೊಂಡು ಕೂತರು. ಬಿಸ್ಮಿಲ್ಲಾ ಹೇಳಿ ಮೊದಲ ತುತ್ತು ತೆಗೆದುಕೊಂಡರು. ಆಮೇಲೆ ಊಟದ ಗದ್ದಲ ಶುರುವಾಯಿತು. ಅವರು ಒಂದು ಸಲವೂ ಏಳಲಿಲ್ಲ, ಬಾಗಿಲ ಕಡೆ ನೋಡಲಿಲ್ಲ. ತಲೆ ಬಗ್ಗಿಸಿ, ಬಹಳ ವರ್ಷದಿಂದ ಹಸಿದವರಂತೆ ತಟ್ಟೆ ಖಾಲಿಯಾಗುವವರೆಗೂ ಉಂಡರು.

ಉಂಡು ಮುಗಿಸಿ ಖಾಲಿ ತಟ್ಟೆಯನ್ನು ಮುಂದಕ್ಕೆ ಹಿಡಿದರು. ಇನ್ನೊಂದು ಸ್ವಲ್ಪ ಬೇಕಾಗಿತ್ತು. ಅವರಿಗೆ ಬಡಿಸಿ ನಮಗೆ ಯಾರಿಗೂ ಅಭ್ಯಾಸವಿರಲಿಲ್ಲ, ಎಲ್ಲರೂ ಆ ತಟ್ಟೆಯನ್ನು ನೋಡುತ್ತ ಸುಮ್ಮನೆ ಕೂತಿದ್ದೆವು. ಆಮೇಲೆ ನಾನು ಎದ್ದು ಸೌಟು ಹಿಡಿದೆ.